ಅಣ್ಣ ಹಾಗೆ ಅಂದೇ ಇಲ್ವಂತೆ, ನನಗೆ ಅಕ್ಷರ ಅಕ್ಷರ ನೆನಪಿದೆ!

ಸಾಗರದ ಹತ್ತಿರದ ಹಳ್ಳಿ ನಮ್ಮದು. ಹೋದ ಅಡಿಕೆ ಕೊಯ್ಲಿನಲ್ಲಿ ಪಾಲಿನ ಮಾತು ಬಂದು ಅಣ್ಣನಿಗೂ ನನಗೂ ಜೋರು ಜಗಳವಾಯಿತು. "ನಿನಗೆ ತೋಟದ ಉಸಾಬರಿ ಬೇಡ" ಅಂದ. ಈಗ ಕೇಳಿದರೆ ಅಂದೇ ಇಲ್ಲ ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿದ್ದಾನಾ, ನನ್ನ ತಲೆ ಕೆಟ್ಟಿದೆಯಾ? ನಿಮಗೆ ಹೀಗಾಗಿದ್ದರೆ ಹೇಳಿ.

ತೀರ್ಥಹಳ್ಳಿಯಿಂದ:
ನನಗೆ ಆಗಿದೆ. 2019ರ ಆಗಸ್ಟ್, ತುಂಗೆ ಉಕ್ಕಿದ್ದ ವಾರ. ನಾನು ಬೆಂಗಳೂರಿನಲ್ಲಿದ್ದೆ. ಸಾಲದ ವಿಷಯಕ್ಕೆ ಅಪ್ಪಯ್ಯನ ಜೊತೆ ಫೋನಿನಲ್ಲಿ ಮಾತಿಗೆ ಮಾತು ಬೆಳೆಯಿತು. "ನೀನು ಮನೆಗೆ ಬರೋದೇ ಬೇಡ" ಅಂದರು. ಎರಡು ವರ್ಷ ಅದನ್ನೇ ಮನಸ್ಸಲ್ಲಿ ಇಟ್ಟುಕೊಂಡಿದ್ದೆ. ಆಮೇಲೆ ಹಳೇ ಮೊಬೈಲ್‌ನಲ್ಲಿ ಆ ಕರೆ ರೆಕಾರ್ಡ್ ಆಗಿದ್ದು ಸಿಕ್ಕಿತು. ಅಪ್ಪಯ್ಯ ಅಂದಿದ್ದು, "ಈ ಮಳೇಲಿ ನೀನು ಬರೋದು ಬೇಡ ಮಾರಾಯ." ನಾನು ತಣ್ಣಗೆ ಮಾತಾಡಿದ್ದೆ ಅಂತ ಬೇರೆ ನಂಬಿದ್ದೆ. ಕೇಳಿದರೆ, ಕಿರುಚುತ್ತಿದ್ದವನು ನಾನೇ.

ಸಿಟ್ಟು, ಭಯ ಇದ್ದಾಗ ನೆನಪು ಗಟ್ಟಿಯಾಗಿ ಕೂರುತ್ತದೆ, ನಿಜ. ಅಡ್ರಿನಲಿನ್ ಎಂಬ ಹಾರ್ಮೋನು ಏರುತ್ತದೆ, ಮೆದುಳಿನಲ್ಲಿ ಅಮಿಗ್ಡಲಾ ಎಂಬ ಭಾಗ 'ಇದು ಮುಖ್ಯ' ಅಂತ ಗುರುತು ಹಾಕುತ್ತದೆ. ಆದರೆ ಗಟ್ಟಿಯಾಗುವುದು ಹೆಚ್ಚಾಗಿ ಚುಚ್ಚಿದ ಜಾಗ. ಅಕ್ಕಪಕ್ಕದ ಮಾತು ಉದುರಿ ಹೋಗುತ್ತದೆ, ಅಲ್ಲಿ ನಾವೇ ಏನೋ ತುಂಬಿಕೊಳ್ಳುತ್ತೇವೆ.

ಅಮೆರಿಕದ ವಾಟರ್‌ಗೇಟ್ ಹಗರಣದಲ್ಲಿ ಅಧ್ಯಕ್ಷರ ಕಚೇರಿಯ ವಕೀಲರಾಗಿದ್ದ ಜಾನ್ ಡೀನ್ ಎಂಬುವರು 1973ರಲ್ಲಿ ಸಾಕ್ಷಿ ಹೇಳಿದರು. ಅಧ್ಯಕ್ಷ ನಿಕ್ಸನ್ ಜೊತೆ ಆಡಿದ ಮಾತುಗಳನ್ನು ಎಷ್ಟು ವಿವರವಾಗಿ ಹೇಳಿದರು ಅಂದರೆ, ಜನ ಅವರನ್ನೇ ಟೇಪ್ ರೆಕಾರ್ಡರ್ ಅಂದರು. ಆಮೇಲೆ ನಿಕ್ಸನ್ ಗುಟ್ಟಾಗಿ ಮಾಡಿಸಿಟ್ಟಿದ್ದ ನಿಜವಾದ ಟೇಪೇ ಹೊರಬಂತು! ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್ ಎರಡನ್ನೂ ಹೋಲಿಸಿ 1981ರಲ್ಲಿ ಬರೆದರು. ಒಟ್ಟು ವಿಷಯ ಸರಿ ಇತ್ತು, ಮಾತುಗಳು ಮಾತ್ರ ಬೇರೆ. ತನ್ನ ಪಾತ್ರವನ್ನೂ ಡೀನ್ ಸ್ವಲ್ಪ ಜಾಸ್ತಿ ಮಾಡಿಕೊಂಡಿದ್ದರು.

ನಾನೀಗ ಜಗಳವಾದ ರಾತ್ರಿಯೇ, ಯಾರಿಗೂ ಹೇಳುವ ಮೊದಲು, ಲೆಕ್ಕದ ಪುಸ್ತಕದ ಹಿಂದೆ ನಾಲ್ಕು ಸಾಲು ಬರೆದಿಡುತ್ತೇನೆ. ನಾಲ್ಕು ಜನರಿಗೆ ಹೇಳಿದ ಮೇಲೆ ಕಥೆಯೇ ಬೇರೆ ಆಗಿರುತ್ತದೆ.

ಶಿವಮೊಗ್ಗದಿಂದ:
ಸಿಟ್ಟಿರುವಾಗ ನೆನಪು ಮಾಡಿಕೊಳ್ಳಲು ಹೋಗಬೇಡಿ. ಹಳೇ ಜಗಳಗಳೇ ಸಾಲಾಗಿ ಬರುತ್ತವೆ. ತಂಗಿ ಜೊತೆ ಮಾತು ಬಿಟ್ಟಿದ್ದಾಗ, ಅವಳು ನನ್ನ ಬಾಣಂತನ ಮಾಡಿದ್ದು ಒಂದು ಸಲವೂ ತಲೆಗೆ ಬರಲಿಲ್ಲ ನೋಡಿ.

ಕೇಳಿದವಳೇ ಮತ್ತೆ:
ಅವತ್ತು ಅತ್ತಿಗೆ ಅಲ್ಲೇ ಅಡಿಕೆ ಸುಲಿಯುತ್ತಾ ಕೂತಿದ್ದರು. ಇವತ್ತು ಅವರನ್ನೇ ಕೇಳಿದೆ. "ನನಗೆ ಈ ತೋಟದ ಉಸಾಬರಿಯೇ ಬೇಡ" ಅಂದಿದ್ದು ನಾನಂತೆ.