ಮೆಮೊರಿ ಕಾರ್ಡಿನಿಂದ ಅಳಿಸಿಹೋದ ರಿವಾಯತ್ ಪದಗಳು: ಟರ್ಮಿನಲ್‌ನಿಂದ ಮರಳಿ ಪಡೆಯಬಹುದೇ?

ಪ್ರಶ್ನೆ, ಸುರಪುರದಿಂದ

ಎಲ್ಲರಿಗೂ ಶರಣು. ಅಲಾಯಿ (ಮೊಹರಂ) ಹಬ್ಬದಲ್ಲಿ ನಮ್ಮ ಓಣಿಯ ಹಿರಿಯರು ಹಾಡುವ ರಿವಾಯತ್ ಪದಗಳನ್ನು ಎರಡು ವರ್ಷಗಳಿಂದ ರೆಕಾರ್ಡರ್‌ನಲ್ಲಿ ಮುದ್ರಿಸಿಕೊಳ್ಳುತ್ತಿದ್ದೇನೆ. 32 ಜಿಬಿ ಕಾರ್ಡ್, ಅದರಲ್ಲಿ 41 ವೇವ್ ಕಡತಗಳಿದ್ದವು. ಇವತ್ತು ಸಂಜೆ ಉಬುಂಟು ಲ್ಯಾಪ್‌ಟಾಪಿಗೆ ಕಾರ್ಡ್ ಹಾಕಿ, ಮೈಕ್ ಪರೀಕ್ಷೆಗೆಂದು ಮಾಡಿದ್ದ, 'ಟೆಸ್ಟ್' ಎಂದು ಶುರುವಾಗುವ ತುಣುಕುಗಳನ್ನು ಟರ್ಮಿನಲ್‌ನಲ್ಲಿ ಆರ್‌ಎಂ (ಅಳಿಸುವ ಆದೇಶ) ಕೊಟ್ಟು ತೆಗೆಯಲು ಹೋದೆ. 'ಟೆಸ್ಟ್' ಎಂಬುದಕ್ಕೂ ನಕ್ಷತ್ರ ಚಿಹ್ನೆಗೂ ನಡುವೆ ಒಂದು ಖಾಲಿ ಜಾಗ ಬಿದ್ದುಬಿಟ್ಟಿತ್ತು, ಹಾಗಾಗಿ ನಕ್ಷತ್ರ ಒಂದೇ ನಿಂತು 'ಎಲ್ಲ ಕಡತಗಳೂ' ಎಂಬ ಅರ್ಥ ಕೊಟ್ಟಿತು. 'ಟೆಸ್ಟ್' ಹೆಸರಿನ ಕಡತವೇ ಇಲ್ಲ ಎಂಬ ಒಂದು ಸಾಲು ಬಂತು. ಎಲ್‌ಎಸ್ (ಕಡತಗಳ ಪಟ್ಟಿ ತೋರಿಸುವ ಆದೇಶ) ಕೊಟ್ಟು ನೋಡಿದರೆ ಫೋಲ್ಡರ್ ಪೂರ್ತಿ ಖಾಲಿ. ಕಸದಬುಟ್ಟಿಯಲ್ಲೂ ಏನೂ ಇಲ್ಲ.

ಹಾಡಿದವರಲ್ಲಿ ಒಬ್ಬ ಅಜ್ಜ ಹೋದ ವರ್ಷ ತೀರಿಕೊಂಡರು. ಅವರ ಏಳು ಪದಗಳು ಈ ಕಾರ್ಡ್ ಬಿಟ್ಟರೆ ಬೇರೆಲ್ಲೂ ಇಲ್ಲ. ಅದರಲ್ಲಿ ಒಂದನ್ನು ಕೇಳುತ್ತಾ ಬರೆದುಕೊಳ್ಳುತ್ತಿದ್ದೆ, ಅದು ವಿಎಲ್‌ಸಿ ಪ್ಲೇಯರಿನಲ್ಲಿ ಅರ್ಧಕ್ಕೆ ನಿಂತಿದೆ. ಏನು ಮಾಡಲಿ?

ಉತ್ತರ, ಬೀದರ್‌ನಿಂದ

ಅಣ್ಣಾ, ಮೊದಲು ಇಷ್ಟು: ವಿಎಲ್‌ಸಿ ಮುಚ್ಚಬೇಡಿ, ಲ್ಯಾಪ್‌ಟಾಪ್ ಆರಿಸಬೇಡಿ, ಕಾರ್ಡ್ ಕೀಳಬೇಡಿ. ಒಂದು ಪ್ರೋಗ್ರಾಂ ತೆರೆದು ಹಿಡಿದಿರುವ ಕಡತದ ಹೆಸರನ್ನಷ್ಟೇ ಆರ್‌ಎಂ ಅಳಿಸುತ್ತದೆ. ಒಳಗಿನದು ಆ ಪ್ರೋಗ್ರಾಂ ಕೈಬಿಡುವ ತನಕ ಹಾಗೆಯೇ ಇರುತ್ತದೆ. ತೆರೆದಿರುವ ಕಡತಗಳನ್ನು ತೋರಿಸುವ ಎಲ್‌ಎಸ್‌ಒಎಫ್ ಕೊಟ್ಟು ವಿಎಲ್‌ಸಿಯ ಪಿಐಡಿ (ಓಡುತ್ತಿರುವ ಪ್ರೋಗ್ರಾಂನ ಗುರುತು) ಸಂಖ್ಯೆ ನೋಡಿಕೊಳ್ಳಿ. ಪ್ರಾಕ್ ಫೋಲ್ಡರಿನಲ್ಲಿ ಅದೇ ಸಂಖ್ಯೆಯ ಫೋಲ್ಡರ್ ಇರುತ್ತದೆ, ಅದರೊಳಗೆ ಎಫ್‌ಡಿ ಎಂಬ ಫೋಲ್ಡರ್. ಅಲ್ಲಿ ಎಲ್‌ಎಸ್ ಜೊತೆ ಎಲ್ ಆಯ್ಕೆ ಕೊಟ್ಟರೆ ಒಂದು ಸಾಲಿನ ಕೊನೆಗೆ 'ಡಿಲೀಟೆಡ್' ಎಂದು ಕಾಣುತ್ತದೆ. ಆ ಸಾಲಿನಲ್ಲಿ ಬಾಣದ ಗುರುತಿನ ಎಡಕ್ಕಿರುವ ಅಂಕೆಯನ್ನೇ ಮೂಲವಾಗಿ ಕೊಟ್ಟು ಸಿಪಿ ಆದೇಶದಿಂದ ಹೋಮ್ ಫೋಲ್ಡರಿಗೆ ನಕಲು ಮಾಡಿ. ಮಾಡಿದ ಮೇಲೆ ತಿಳಿಸಿ.

ಸುರಪುರದಿಂದ

ಸಿಕ್ಕಿತು! ಅಜ್ಜನ ಧ್ವನಿ ಪೂರ್ತಿ ಇದೆ. ಉಳಿದ ನಲವತ್ತು?

ಉತ್ತರ, ಕಲಬುರಗಿಯಿಂದ

ಬೀದರ್‌ನವರು ಸರಿಯಾದ ಹೊತ್ತಿಗೆ ತಡೆದರು. ಈಗ ವಿಎಲ್‌ಸಿ ಮುಚ್ಚಿ, ಕಾರ್ಡನ್ನು ಅನ್‌ಮೌಂಟ್ ಮಾಡಿ ಹೊರಗೆ ತೆಗೆದು, ಅದರ ಪಕ್ಕದ ಸಣ್ಣ ಲಾಕ್ ಗುಂಡಿಯನ್ನು ಕೆಳಗೆ ಸರಿಸಿ ಮತ್ತೆ ಹಾಕಿ. ಇನ್ನು ಆ ಕಾರ್ಡಿನ ಮೇಲೆ ಒಂದಕ್ಷರವೂ ಬರೆಯಬಾರದು.

ನಿಮ್ಮ ಕಾರ್ಡಿನ ಕಡತ ವ್ಯವಸ್ಥೆ ಫ್ಯಾಟ್32 ಆಗಿರುತ್ತದೆ, ಅದೇ ಭರವಸೆಯ ಮಾತು. ಅಲ್ಲಿ ಕಡತ ಅಳಿಸಿದಾಗ ಹೆಸರಿನ ಮೊದಲ ಬೈಟಿನ ಮೇಲೆ ಇ5 ಎಂಬ ಗುರುತು ಬೀಳುತ್ತದೆ. ಕಡತದ ಉದ್ದ ಎಷ್ಟು, ಯಾವ ಕ್ಲಸ್ಟರಿನಿಂದ (ಕಾರ್ಡಿನ ಒಂದು ತುಂಡು ಜಾಗ) ಶುರು ಎಂಬುದು ಉಳಿದಿರುತ್ತದೆ. ಕಳೆದುಹೋಗುವುದು, ಒಂದು ತುಂಡಿನ ನಂತರ ಮುಂದಿನದು ಎಲ್ಲಿದೆ ಎಂದು ಹೇಳುವ ಸರಪಳಿ. ರೆಕಾರ್ಡರ್ ಸಾಮಾನ್ಯವಾಗಿ ಒಂದರ ಬೆನ್ನಿಗೆ ಒಂದನ್ನು ಸಾಲಾಗಿ ಬರೆಯುವುದರಿಂದ ಸರಪಳಿ ಇಲ್ಲದೆಯೂ ಬಹಳಷ್ಟು ಮರಳಿ ಬರುತ್ತವೆ. ಲ್ಯಾಪ್‌ಟಾಪಿನ ಎಸ್‌ಎಸ್‌ಡಿಯಲ್ಲಿ ಹೀಗಾಗಿದ್ದರೆ ನಾನು ಇಷ್ಟು ಧೈರ್ಯ ಹೇಳುತ್ತಿರಲಿಲ್ಲ. ಅಲ್ಲಿನ ಕಡತ ವ್ಯವಸ್ಥೆ ಎಕ್ಸ್ಟ್4, ಅದು ಕಡತದ ತುಂಡುಗಳು ಎಲ್ಲಿವೆ ಎಂಬ ನಕ್ಷೆಯನ್ನೇ ಒರೆಸಿಬಿಡುತ್ತದೆ, ಮೇಲೆ ಉಬುಂಟು ವಾರಕ್ಕೊಮ್ಮೆ ಖಾಲಿ ಜಾಗಕ್ಕೆ ಟ್ರಿಮ್ (ಹಳೆಯದು ಇನ್ನು ಬೇಡ ಎಂಬ ಸೂಚನೆ) ಕಳುಹಿಸುತ್ತದೆ.

ಕಾರ್ಡಿನ ಮೇಲೆ ನೇರವಾಗಿ ಕೆಲಸ ಮಾಡಬೇಡಿ, ಮೊದಲು ಅದರ ಪೂರ್ತಿ ಪಡಿಯಚ್ಚು ತೆಗೆಯಿರಿ. ಉಬುಂಟುವಿನಲ್ಲಿ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ, ಆದರೆ ಆದೇಶ ಮಾತ್ರ ಡಿಡಿರೆಸ್ಕ್ಯೂ. ಇಲ್ಲಿ ಬಹಳ ಜನ ಎಡವುತ್ತಾರೆ. ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಕೊಟ್ಟು ಗಾತ್ರ ನೋಡಿ ಕಾರ್ಡನ್ನು ಗುರುತಿಸಿ. ನಂತರ ಸುಡೋ, ಡಿಡಿರೆಸ್ಕ್ಯೂ, ಕಾರ್ಡಿನ ಹೆಸರು, ಪಡಿಯಚ್ಚಿನ ಹೆಸರು, ಕೊನೆಗೆ ಮ್ಯಾಪ್ ಕಡತದ ಹೆಸರು. ಇದೇ ಕ್ರಮ. ನಡುವೆ ಕರೆಂಟ್ ಹೋದರೂ ಮ್ಯಾಪ್ ಕಡತ ಇದ್ದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಸುರಪುರದಿಂದ

ಪಡಿಯಚ್ಚು ಇಡಲು 64 ಜಿಬಿ ಪೆನ್‌ಡ್ರೈವ್ ಕೊಟ್ಟಿದ್ದೆ. 4 ಜಿಬಿ ಆಗುತ್ತಲೇ 'ಕಡತ ತೀರಾ ದೊಡ್ಡದು' ಎಂಬ ಅರ್ಥದ ದೋಷ ತೋರಿಸಿ ನಿಂತಿತು. ಜಾಗ ಬೇಕಾದಷ್ಟಿದೆ.

ಉತ್ತರ, ಕಲಬುರಗಿಯಿಂದ

ಪೆನ್‌ಡ್ರೈವೂ ಫ್ಯಾಟ್32 ಇರಬೇಕು, ಅದರಲ್ಲಿ 4 ಜಿಬಿ ಮೀರಿದ ಒಂದೇ ಕಡತ ಹಿಡಿಯುವುದಿಲ್ಲ. ಪೆನ್‌ಡ್ರೈವಿನಲ್ಲಿ ಬೇಕಾದದ್ದೇನೂ ಇಲ್ಲದಿದ್ದರೆ ಆ ಮಿತಿಯಿಲ್ಲದ ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್ ಆಗುತ್ತಿರುವುದು ಪೆನ್‌ಡ್ರೈವೇ, ಕಾರ್ಡಲ್ಲ ಎಂದು ಎರಡು ಸಲ ನೋಡಿಕೊಳ್ಳಿ.

ಪಡಿಯಚ್ಚು ಮುಗಿದ ಮೇಲೆ ಟೆಸ್ಟ್‌ಡಿಸ್ಕ್ ಎಂಬ, ಅಳಿಸಿದ್ದನ್ನು ಮರಳಿ ತರುವ ಪ್ರೋಗ್ರಾಂಗೆ ಅದರ ಹೆಸರು ಕೊಡಿ. 'ಅಡ್ವಾನ್ಸ್ಡ್' ಒಳಗೆ ಪಾರ್ಟಿಷನ್ ಆರಿಸಿ 'ಅನ್‌ಡಿಲೀಟ್' ಒತ್ತಿದರೆ ಅಳಿಸಿದ ಕಡತಗಳು ಪಟ್ಟಿಯಾಗಿ ಬರುತ್ತವೆ. ಸಣ್ಣ ಎ ಒತ್ತಿದರೆ ಎಲ್ಲವೂ ಆಯ್ಕೆಯಾಗುತ್ತವೆ, ದೊಡ್ಡ ಸಿ ಒತ್ತಿದರೆ ನಕಲಾಗುತ್ತವೆ. ಕೆಲವು ಹೆಸರುಗಳ ಮೊದಲ ಅಕ್ಷರ ಹೋಗಿರಬಹುದು, ಚಿಂತಿಸಬೇಡಿ.

ಸುರಪುರದಿಂದ

ನಲವತ್ತೂ ಬಂದವು. ಒಂದೊಂದನ್ನೂ ಕೂತು ಕೇಳಿದೆ. 38 ಸರಿಯಾಗಿವೆ. ಎರಡರಲ್ಲಿ ಅರ್ಧ ಪದ ಆದ ಮೇಲೆ ಇದ್ದಕ್ಕಿದ್ದಂತೆ ಬೇರೆಯವರ ಹಾಡು ಶುರುವಾಗುತ್ತದೆ. ಅದರಲ್ಲಿ ಒಂದು ಅಜ್ಜನದು.

ಉತ್ತರ, ಬೀದರ್‌ನಿಂದ

ನೀವು ಹಿಂದೆ ಯಾವಾಗಲೋ ನಡುವಿನ ಕಡತ ಅಳಿಸಿದ್ದಿರಿ, ರೆಕಾರ್ಡರ್ ಆ ಸಂದಿನಲ್ಲಿ ಅರ್ಧ ತುಂಬಿಸಿ ಉಳಿದದ್ದನ್ನು ಮುಂದೆಲ್ಲೋ ಇಟ್ಟಿದೆ. ಟೆಸ್ಟ್‌ಡಿಸ್ಕ್ ಸಾಲಾಗಿದೆ ಎಂದೇ ತಿಳಿದು ಓದಿತು. ಫೋಟೋರೆಕ್ ಎಂಬ ಇಂಥದ್ದೇ ಇನ್ನೊಂದು ಪ್ರೋಗ್ರಾಂ ಕೂಡ ಇಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು. ಅದು ಹುಡುಕುವುದು ಕಡತದ ತಲೆಭಾಗದ ಗುರುತನ್ನು, ನಿಮಗೆ ಬೇಕಾದ ತುಂಡಿಗೆ ತಲೆಯೇ ಇಲ್ಲ.

ಆದರೆ ವೇವ್‌ನಲ್ಲಿ ಧ್ವನಿ ಸಾಮಾನ್ಯವಾಗಿ ಕುಗ್ಗಿಸದೆ ಹಾಗೆಯೇ ಇರುತ್ತದೆ, ಕಿವಿಯಿಂದಲೇ ಹುಡುಕಬಹುದು. ಡಿಡಿ ಆದೇಶದಿಂದ ಪಡಿಯಚ್ಚನ್ನು 1 ಜಿಬಿ ತುಂಡುಗಳಾಗಿ ಮಾಡಿ, ಧ್ವನಿ ಸಂಪಾದಿಸುವ ಆಡಾಸಿಟಿಯಲ್ಲಿ 'ಇಂಪೋರ್ಟ್ ರಾ ಡೇಟಾ' ಮೂಲಕ ತೆರೆಯಿರಿ. ರೆಕಾರ್ಡರಿನ ಬಿಟ್, ಚಾನೆಲ್, ಸ್ಯಾಂಪಲ್ ದರವನ್ನೇ ಕೊಡಿ. 16 ಬಿಟ್, ಸ್ಟೀರಿಯೊ, 44,100 ಹರ್ಟ್ಜ್ ಇದ್ದರೆ ಸೆಕೆಂಡಿಗೆ 1,76,400 ಬೈಟ್, ಅಂದರೆ ಒಂದು ತುಂಡಿನಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಧ್ವನಿ. ಪೂರ್ತಿ ಕೇಳಬೇಕಿಲ್ಲ, ಈಗಾಗಲೇ ಸಿಕ್ಕ ಪದಗಳನ್ನು ಅಲೆಗಳ ಆಕಾರದಲ್ಲೇ ಗುರುತಿಸಿ ದಾಟುತ್ತಾ ಹೋಗಿ. ಬರೀ ಗರಗರ ಸದ್ದು ಬಂದರೆ ಆರಂಭದ ಅಂತರವನ್ನು ಒಂದೊಂದು ಬೈಟ್ ಸರಿಸಿ ನೋಡಿ.

ಸುರಪುರದಿಂದ

ಮೂರು ರಾತ್ರಿ ಹಿಡಿಯಿತು. ಒಂಬತ್ತನೆಯ ತುಂಡಿನಲ್ಲಿ, ಹಲಗೆಯ ಸದ್ದಿನ ನಡುವೆ, ಅಜ್ಜ ಅರ್ಧಕ್ಕೆ ಬಿಟ್ಟಿದ್ದ ಸಾಲಿನಿಂದಲೇ ಶುರುವಾಯಿತು. ಕತ್ತರಿಸಿ ಜೋಡಿಸಿದ್ದೇನೆ, ಸೇರಿದ ಜಾಗ ಕಿವಿಗೆ ಗೊತ್ತಾಗುವುದಿಲ್ಲ. ಇನ್ನೊಂದು ಪದದ ಬಾಲ ಸಿಗಲಿಲ್ಲ. ಅದನ್ನು ಹಾಡಿದವರು ಪಕ್ಕದ ಓಣಿಯಲ್ಲೇ ಇದ್ದಾರೆ, ಭಾನುವಾರ ಬಾ ಎಂದಿದ್ದಾರೆ. ಎಲ್ಲದರ ಎರಡು ನಕಲು ಮಾಡಿದ್ದೇನೆ, ಒಂದು ಅಜ್ಜನ ಮಗನ ಮನೆಯಲ್ಲಿದೆ.