ಸಹಾಯ ಬೇಕು: ಮನೆಯಿಂದಲೇ ಕೆಲಸ, ಶಿವಮೊಗ್ಗನಾ ಧಾರವಾಡನಾ?

ಬೆಂಗಳೂರಲ್ಲಿ ಒಂದು ಬೆಡ್‌ರೂಮಿನ ಮನೆಗೆ 22,000 ಬಾಡಿಗೆ ಕಟ್ಟುತ್ತಿದ್ದೇನೆ. ಕೆಲಸ ಮನೆಯಿಂದಲೇ, ತಿಂಗಳಿಗೊಮ್ಮೆ ಆಫೀಸಿಗೆ ಮುಖ ತೋರಿಸಿದರೆ ಸಾಕು. ಸುಮ್ನೆ ಯಾಕೆ ಇಲ್ಲಿರಬೇಕು ಅಲ್ವಾ? ಧಾರವಾಡಕ್ಕೆ 2023ರಿಂದ ವಂದೇ ಭಾರತ್ ಇದೆ, ಶಿವಮೊಗ್ಗಕ್ಕೆ ಜನಶತಾಬ್ದಿ. ಮನಸ್ಸು ಶಿವಮೊಗ್ಗದ ಕಡೆಗೇ ಜಾಸ್ತಿ.

ಆದರೆ ಕಳೆದ ಜುಲೈನಲ್ಲಿ ತೀರ್ಥಹಳ್ಳಿಯ ಅತ್ತೆ ಮನೆಯಲ್ಲಿದ್ದಾಗ ಮೀಟಿಂಗ್ ನಡುವೆಯೇ ಕರೆಂಟ್ ಹೋಯ್ತು. ಯುಪಿಎಸ್ ಕುಂಯ್ ಕುಂಯ್ ಅಂದು ಹತ್ತೇ ನಿಮಿಷಕ್ಕೆ ಮಲಗಿತು. ಸಿಗ್ನಲ್ ಹುಡುಕಿ ಅಂಗಳದ ತುದಿಗೆ ಓಡಿ, ಕೊಡೆ ಹಿಡಿದೇ ಮಾತಾಡಿದೆ.

ಶಿವಮೊಗ್ಗ ಪೇಟೆಯಲ್ಲಿ ಮಳೆಗಾಲದಲ್ಲಿ ಕರೆಂಟ್, ಫೈಬರ್ ಹೇಗೆ? ವಿನೋಬನಗರ, ಗೋಪಾಳದ ಕಡೆ 10,000ದೊಳಗೆ ಗಾಳಿ ಬೆಳಕಿರುವ ಮನೆ ಸಿಗುತ್ತದೆಯೇ? ಅಡ್ವಾನ್ಸ್ ಎಷ್ಟು ಕೇಳುತ್ತಾರೆ? ಅಲ್ಲೇ ಇದ್ದು ಕೆಲಸ ಮಾಡುವವರು ಹೇಳಿ. ಬ್ರೋಕರ್‌ಗಳು ದಯವಿಟ್ಟು ಬೇಡ.