ಮರಿ ಡಿಸ್ಕಸ್ ಜೊತೆ ಯಾವ ಮೀನು ಬಿಡಬಹುದು?

ಕಾಫಿತೋಟ: ಚಿಕ್ಕಮಗಳೂರಲ್ಲಿದ್ದೇನೆ. ಅಕ್ವೇರಿಯಂಗೆ ಆರು ಡಿಸ್ಕಸ್ (ತಟ್ಟೆಯಂತೆ ಚಪ್ಪಟೆಯಾದ ಮೀನು) ಮರಿ ತಂದಿದ್ದೇನೆ, ಮೈ ಕಪ್ಪಾಗಿ ಎಲ್ಲವೂ ಹೀಟರ್ ಹಿಂದೆ ಮೂಲೆ ಸೇರಿವೆ, ಜೊತೆಗಿರುವ ಏಂಜೆಲ್ ಮೀನು ಹಾಕಿದ ಊಟವನ್ನೆಲ್ಲ ನುಂಗಿಬಿಡುತ್ತದೆ. ಏನು ಮಾಡಲಿ?

ಗಾಜಿನಮನೆ: ಮೊದಲು ಏಂಜೆಲನ್ನು ಬೇರೆ ಟ್ಯಾಂಕಿಗೆ ಹಾಕಿ. ನೀರು ಎಷ್ಟು ಡಿಗ್ರಿ ಇದೆ? ನಮ್ಮೂರ ಮಳೆಗಾಲದಲ್ಲಿ ಸುಮ್ನೆ ಬಿಟ್ಟರೆ ಆಗಲ್ಲ, 28ರಿಂದ 30 ಇರಲೇಬೇಕು.

ಹೇಮಾವತಿ: ಜೊತೆಗೆ ಕಾರ್ಡಿನಲ್ ಅಥವಾ ರಮ್ಮಿನೋಸ್ ಟೆಟ್ರಾ, ತಳಕ್ಕೆ ಸ್ಟರ್ಬೈ ಕೋರಿಡೋರಸ್ ಬಿಡಿ, ಅಷ್ಟು ಬಿಸಿಯನ್ನು ಇವು ತಡೆಯುತ್ತವೆ. ಗೋಲ್ಡ್ ಫಿಶ್ ಬೇಡ. ಗಾಜು ಕ್ಲೀನ್ ಮಾಡುತ್ತೆ ಅಂತ ಸಕ್ಕರ್ ಮೀನನ್ನೂ ತರಬೇಡಿ, ಅದು ಡಿಸ್ಕಸ್ ಮೈಗೆ ಅಂಟಿಕೊಂಡು ಲೋಳೆ ಹೀರುತ್ತದೆ.

ಕಾಫಿತೋಟ: ಕರೆಂಟ್ ಹೋದರೆ?

ಗಾಜಿನಮನೆ: ಟ್ಯಾಂಕಿನ ಸುತ್ತ ಕಂಬಳಿ ಸುತ್ತಿ, ಬ್ಯಾಟರಿ ಏರ್ ಪಂಪ್ ಹಾಕಿ. ನೀರು ಬದಲಿಸುವಾಗ ಹೊಸ ನೀರೂ ಅಷ್ಟೇ ಬಿಸಿ ಇರಲಿ.